ಊರಿನ ಗ್ರಂಥಾಲಯದಲ್ಲಿ ಇಂಟರ್‌ನೆಟ್: ಏನನ್ನು ತಡೆಯಬೇಕು, ಏನನ್ನು ಅಳಿಸಬೇಕು, ಯಾವುದನ್ನು ತೆರೆದಿಡಬೇಕು

ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂದ ವಾರದೊಳಗೆ ಪಂಚಾಯಿತಿ ಸದಸ್ಯರಲ್ಲಿ ಒಬ್ಬರಾದರೂ ಕೇಳುತ್ತಾರೆ: "ಹುಡುಗರು ಬೇಡದ್ದನ್ನೆಲ್ಲ ನೋಡಿದರೆ ಯಾರು ಜವಾಬ್ದಾರರು?" ನ್ಯಾಯವಾದ ಪ್ರಶ್ನೆಯೇ. ಆದರೆ ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಗ್ರಂಥಾಲಯಗಳಲ್ಲಿ ಆ ಕಂಪ್ಯೂಟರ್‌ಗಳ ಮುಂದೆ ಕೂರುವವರನ್ನು ಒಮ್ಮೆ ಗಮನಿಸಿ. ವಿದ್ಯಾರ್ಥಿವೇತನದ ಅರ್ಜಿ ತುಂಬುವ ಪಿಯುಸಿ ಹುಡುಗಿ, ಕೆಪಿಎಸ್‌ಸಿಯ ಹಳೆಯ ಪ್ರಶ್ನೆಪತ್ರಿಕೆ ಇಳಿಸಿಕೊಳ್ಳುವ ಪದವೀಧರ, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಏನು ದರಕ್ಕೆ ಹೋಯಿತು ಎಂದು ನೋಡಿಸಿಕೊಳ್ಳಲು ಬರುವ ರೈತ. ಇವರಿಗೆ ಆಗಬಹುದಾದ ದೊಡ್ಡ ಹಾನಿ ಅಶ್ಲೀಲ ತಾಣದಿಂದ ಬರುವುದಿಲ್ಲ. ಲಾಗ್‌ಔಟ್ ಮಾಡದೆ ಎದ್ದುಹೋದ ಖಾತೆಯಿಂದ, ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಉಳಿದ ಆಧಾರ್ ಪ್ರತಿಯಿಂದ ಬರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ತಡೆಯುವ ಕೆಲಸಕ್ಕೆ ಕೊಟ್ಟಷ್ಟೇ ಜಾಗವನ್ನು ಅಳಿಸುವ ಕೆಲಸಕ್ಕೂ ಕೊಟ್ಟಿದ್ದೇನೆ.

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅವುಗಳನ್ನು ಅರಿವು ಕೇಂದ್ರ ಎಂದು ಕರೆಯುತ್ತೇವೆ. ಹೀಗಾಗಿ ಕಂಪ್ಯೂಟರ್ ಕುರಿತ ತೀರ್ಮಾನಗಳೆಲ್ಲ ಗ್ರಂಥಾಲಯದ ಮೇಲ್ವಿಚಾರಕರು ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ನಡುವೆಯೇ ಆಗಬೇಕು. ತಾಂತ್ರಿಕ ಸಿಬ್ಬಂದಿ ಎಂಬವರು ಅಲ್ಲಿ ಇರುವುದಿಲ್ಲ. ಕೆಳಗಿನ ಹೆಜ್ಜೆಗಳನ್ನು ಅಂಥ ಸಿಬ್ಬಂದಿ ಇಲ್ಲದವರಿಗಾಗಿಯೇ ಬರೆದಿದ್ದೇನೆ. ಯಾವುದಕ್ಕೂ ಹಣ ಕೊಟ್ಟು ತಂತ್ರಾಂಶ ಕೊಳ್ಳಬೇಕಿಲ್ಲ.

ಮೊದಲು ಠರಾವು, ಆಮೇಲೆ ಯಂತ್ರ

ಫಿಲ್ಟರ್ ಹಾಕುವುದಕ್ಕೆ ಮುಂಚೆ ಒಂದು ಪುಟದ ಬಳಕೆ ನಿಯಮ ಬರೆದು ಪಂಚಾಯಿತಿ ಸಭೆಯಲ್ಲಿ ಠರಾವು ಮಾಡಿಸಿಕೊಳ್ಳಿ. ಇದು ಕಾಗದದ ಶಾಸ್ತ್ರವಲ್ಲ. ನಾಳೆ ಒಬ್ಬ ಹಿರಿಯರು ಬಂದು "ಹುಡುಗಿಯರಿಗೆ ಯೂಟ್ಯೂಬ್ ಯಾಕೆ ಬಿಡುತ್ತೀರಿ?" ಎಂದು ಗದರಿದಾಗ ಮೇಲ್ವಿಚಾರಕರು ತಮ್ಮ ಅಭಿಪ್ರಾಯವನ್ನು ಸಮರ್ಥಿಸಿಕೊಳ್ಳುತ್ತ ನಿಲ್ಲಬೇಕಾಗಿಲ್ಲ; ಠರಾವಿನ ಪ್ರತಿ ತೋರಿಸಿದರೆ ಸಾಕು.

ಏನು ಬರೆಯಬೇಕು ಎಂಬುದಕ್ಕೆ 2011ರ ಸೈಬರ್ ಕೆಫೆ ಮಾರ್ಗಸೂಚಿ ನಿಯಮಗಳು ಒಳ್ಳೆಯ ಅಳತೆಗೋಲು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಅಡಿಯಲ್ಲಿ ಬಂದ ಈ ನಿಯಮಗಳನ್ನು ಇಂಟರ್‌ನೆಟ್ ಒದಗಿಸುವುದನ್ನೇ ವ್ಯವಹಾರ ಮಾಡಿಕೊಂಡವರನ್ನು ಮನಸ್ಸಿನಲ್ಲಿಟ್ಟು ಬರೆಯಲಾಗಿದೆ, ಉಚಿತ ಗ್ರಂಥಾಲಯವನ್ನಲ್ಲ. ಆದರೂ ಅದರಲ್ಲಿ ಹೇಳಿದ ಕೆಲವು ಮಾತುಗಳು ನಮಗೂ ಒಪ್ಪುತ್ತವೆ: ಬಳಸುವವರ ಗುರುತು ನೋಡಿಕೊಳ್ಳುವುದು, ನೋಂದಣಿ ವಹಿಯನ್ನು ಕನಿಷ್ಠ 1 ವರ್ಷ ಇಡುವುದು, ಅಡ್ಡಗೋಡೆ ನಾಲ್ಕೂವರೆ ಅಡಿ ಮೀರದಿರುವುದು, ಪರದೆಗಳು ತೆರೆದ ಜಾಗಕ್ಕೆ ಮುಖ ಮಾಡಿರುವುದು, ಅಶ್ಲೀಲ ತಾಣ ನೋಡಬಾರದೆಂಬ ಫಲಕ ಹಾಕುವುದು. ಬಳಕೆದಾರರು ನೋಡಿದ ತಾಣಗಳ ಪಟ್ಟಿಯನ್ನೂ ಕೆಫೆಗಳು ಇಡಬೇಕೆಂದು ಅದು ಹೇಳುತ್ತದೆ. ಗ್ರಂಥಾಲಯಕ್ಕೆ ಅದನ್ನು ಎರವಲು ತರುವುದು ಬೇಡ ಎನ್ನುವುದು ನನ್ನ ಮತ. ಯಾರು ಯಾವ ಪುಸ್ತಕ ಓದಿದರು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗದ ಗ್ರಂಥಾಲಯ, ಯಾರು ಯಾವ ಪುಟ ನೋಡಿದರು ಎಂದು ಬರೆದಿಡುವುದು ಸರಿಯಲ್ಲ.

ಗೋಡೆಯ ಫಲಕಕ್ಕೆ ಇಷ್ಟು ಸಾಕು:

"ಒಬ್ಬರಿಗೆ 45 ನಿಮಿಷ. ಅರ್ಜಿ ತುಂಬುವವರಿಗೆ ಕೊನೆಯ ದಿನಾಂಕ ಹತ್ತಿರವಿದ್ದರೆ ಹೆಚ್ಚಿನ ಸಮಯ. ಅಶ್ಲೀಲ, ಜೂಜು ಹಾಗೂ ಕಾನೂನುಬಾಹಿರ ತಾಣಗಳನ್ನು ನೋಡುವಂತಿಲ್ಲ. ಬೇಕಾದ ಪುಟ ತೆರೆಯದಿದ್ದರೆ ಮೇಲ್ವಿಚಾರಕರನ್ನು ಕೇಳಿ, ಕಾರಣ ಹೇಳಬೇಕಾಗಿಲ್ಲ. ಏಳುವ ಮುನ್ನ ಲಾಗ್‌ಔಟ್ ಮಾಡಿ, ಕಡತ ಅಳಿಸಿ."

ನಾಲ್ಕನೆಯ ವಾಕ್ಯದ ಕೊನೆಯ ಮಾತನ್ನು ಯಾರಾದರೂ ತೆಗೆದುಹಾಕಲು ಹೇಳಿದರೆ ಒಪ್ಪಬೇಡಿ. ಮುಂದೆ ಅದರ ಕಾರಣ ಬರುತ್ತದೆ.

ಖಾತೆಗಳನ್ನು ಬೇರ್ಪಡಿಸಿ

ಬಹುತೇಕ ಕಡೆ ಕಂಪ್ಯೂಟರ್ ಹಾಕಿಕೊಟ್ಟವರು ಒಂದೇ ಅಡ್ಮಿನ್ ಖಾತೆ (ಎಲ್ಲ ಸೆಟ್ಟಿಂಗ್ ಬದಲಿಸಬಲ್ಲ ಖಾತೆ) ಮಾಡಿ ಹೋಗಿರುತ್ತಾರೆ. ಎಲ್ಲರೂ ಅದರಲ್ಲೇ ಕೂರುತ್ತಾರೆ. ಈ ಸ್ಥಿತಿಯಲ್ಲಿ ಯಾವ ಫಿಲ್ಟರ್ ಹಾಕಿದರೂ ಐದು ನಿಮಿಷದಲ್ಲಿ ಕಿತ್ತುಹಾಕಬಹುದು.

ವಿಂಡೋಸ್ ಇದ್ದರೆ ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ಅದರ್ ಯೂಸರ್ಸ್ ತೆರೆದು, ಮೈಕ್ರೋಸಾಫ್ಟ್ ಖಾತೆ ಇಲ್ಲದ ಹೊಸ ಬಳಕೆದಾರರನ್ನು ಸೇರಿಸಿ. ಹೆಸರು 'ಓದುಗರು' ಎಂದಿರಲಿ. ಅದು ಸ್ಟ್ಯಾಂಡರ್ಡ್ ಖಾತೆಯೇ ಆಗಿದೆಯೇ ಎಂದು ನೋಡಿಕೊಳ್ಳಿ. ಅಡ್ಮಿನ್ ಖಾತೆಗೆ ಪಾಸ್‌ವರ್ಡ್ ಹಾಕಿ. ಆ ಪಾಸ್‌ವರ್ಡ್ ಮೇಲ್ವಿಚಾರಕರಿಗೆ ಮತ್ತು ಪಿಡಿಒಗೆ ಮಾತ್ರ ಗೊತ್ತಿರಲಿ. ಇಷ್ಟು ಮಾಡಿದರೆ ಓದುಗರು ಹೊಸ ತಂತ್ರಾಂಶಗಳನ್ನು ಇಡೀ ಯಂತ್ರಕ್ಕೆ ಸ್ಥಾಪಿಸಲು ಆಗುವುದಿಲ್ಲ, ಜಾಲದ ಸೆಟ್ಟಿಂಗ್ ಬದಲಿಸಲು ಆಗುವುದಿಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಏರದ ಹಳೆಯ ಯಂತ್ರಗಳು ನಿಮ್ಮಲ್ಲಿದ್ದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿಬಿಡಿ. ಉಚಿತ ಎನ್ನುವುದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಅದರ ಲಾಗಿನ್ ವಿಂಡೋ ಸೆಟ್ಟಿಂಗ್‌ನಲ್ಲಿ ಗೆಸ್ಟ್ ಸೆಷನ್ ಎಂಬ ಸೌಲಭ್ಯವನ್ನು ಸಕ್ರಿಯಗೊಳಿಸಬಹುದು. ಓದುಗರು ಗೆಸ್ಟ್ ಆಗಿ ಒಳಬಂದು ಕೆಲಸ ಮುಗಿಸಿ ಹೊರಬಿದ್ದ ಕೂಡಲೇ ಅವರು ಇಳಿಸಿಕೊಂಡ ಕಡತ, ಬ್ರೌಸರ್ ಇತಿಹಾಸ, ಲಾಗಿನ್ ಎಲ್ಲವೂ ತಾನಾಗಿಯೇ ಅಳಿಸಿಹೋಗುತ್ತದೆ. ಕನ್ನಡ ಕೀಲಿಮಣೆಯನ್ನು ಮಾತ್ರ ಮೊದಲೇ ಹೊಂದಿಸಿ ಗೆಸ್ಟ್ ಸೆಷನ್‌ನಲ್ಲೂ ಬರುತ್ತದೆಯೇ ಎಂದು ಪರೀಕ್ಷಿಸಿ.

ಡಿಎನ್‌ಎಸ್ ಫಿಲ್ಟರ್

ಒಂದು ತಾಣದ ಹೆಸರನ್ನು ಟೈಪ್ ಮಾಡಿದಾಗ ಕಂಪ್ಯೂಟರ್ ಮೊದಲು ಡಿಎನ್‌ಎಸ್ ಸರ್ವರ್‌ಗೆ "ಈ ಹೆಸರಿನ ಅಂಕಿ ವಿಳಾಸ ಯಾವುದು?" ಎಂದು ಕೇಳುತ್ತದೆ. ಸಾಮಾನ್ಯವಾಗಿ ಈ ಉತ್ತರ ನಿಮ್ಮ ಇಂಟರ್‌ನೆಟ್ ಕಂಪನಿಯ ಸರ್ವರ್‌ನಿಂದ ಬರುತ್ತದೆ. ಅದರ ಬದಲಿಗೆ ಕುಟುಂಬ ಬಳಕೆಯ ಸರ್ವರ್ ಒಂದನ್ನು ಕೇಳುವಂತೆ ಮಾಡಿದರೆ ಅಶ್ಲೀಲ ತಾಣದ ವಿಳಾಸ ಕೊಡಲು ಅದು ನಿರಾಕರಿಸುತ್ತದೆ. ತಾಣ ತೆರೆಯುವುದೇ ಇಲ್ಲ.

ಕ್ಲೌಡ್‌ಫ್ಲೇರ್‌ನ ಕುಟುಂಬ ಸರ್ವರ್‌ಗಳು 1.1.1.3 ಮತ್ತು 1.0.0.3. ಇವು ಅಶ್ಲೀಲ ತಾಣ ಮತ್ತು ವೈರಸ್ ಹರಡುವ ತಾಣ ಎರಡನ್ನೂ ತಡೆಯುತ್ತವೆ. ಇನ್ನೂ ಬಿಗಿ ಬೇಕೆಂದರೆ ಕ್ಲೀನ್‌ಬ್ರೌಸಿಂಗ್‌ನ 185.228.168.168 ಮತ್ತು 185.228.169.168. ಇವು ಫಿಲ್ಟರ್ ತಪ್ಪಿಸಲು ನೆರವಾಗುವ ಪ್ರಾಕ್ಸಿ ಮತ್ತು ವಿಪಿಎನ್ ತಾಣಗಳನ್ನೂ, ಒಳ್ಳೆಯದು ಕೆಟ್ಟದ್ದು ಬೆರೆತಿರುವ ಕೆಲವು ದೊಡ್ಡ ತಾಣಗಳನ್ನೂ ಮುಚ್ಚುತ್ತವೆ. ನಾನು ಮೊದಲನೆಯದನ್ನೇ ಆರಿಸುತ್ತೇನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಹೆಚ್ಚಿರುವ ಧಾರವಾಡದಂಥ ಕಡೆ ಅತಿ ಬಿಗಿಯಾದ ಫಿಲ್ಟರ್ ದಿನಕ್ಕೆ ಹತ್ತು ಜಗಳ ತರುತ್ತದೆ.

ಇದನ್ನು ರೂಟರ್‌ನಲ್ಲೇ ಹಾಕಿದರೆ ಎಲ್ಲ ಕಂಪ್ಯೂಟರ್‌ಗಳಿಗೂ ಒಮ್ಮೆಗೇ ಅನ್ವಯಿಸುತ್ತದೆ. ರೂಟರ್‌ನ ಕೆಳಗೆ ಅಂಟಿಸಿದ ಚೀಟಿಯಲ್ಲಿ ಅದರ ವಿಳಾಸ ಮತ್ತು ಪಾಸ್‌ವರ್ಡ್ ಇರುತ್ತವೆ. ವಿಳಾಸ ಹೆಚ್ಚಾಗಿ 192.168.1.1. ಬ್ರೌಸರ್‌ನಲ್ಲಿ ಅದನ್ನು ತೆರೆದು ಲ್ಯಾನ್ ಅಥವಾ ಡಿಎಚ್‌ಸಿಪಿ ಪುಟದಲ್ಲಿರುವ ಡಿಎನ್‌ಎಸ್ ಜಾಗದಲ್ಲಿ 1.1.1.3 ಮತ್ತು 1.0.0.3 ಎಂದು ತುಂಬಿ. ಹಾಗೆಯೇ ಚೀಟಿಯಲ್ಲಿರುವ ಪಾಸ್‌ವರ್ಡನ್ನೂ ಬದಲಿಸಿ. ಅದನ್ನು ಓದಲು ಬರುವ ಹತ್ತನೇ ತರಗತಿಯ ಹುಡುಗ ಪ್ರತಿ ಊರಲ್ಲೂ ಇದ್ದಾನೆ.

ಕೆಲವು ಕಂಪನಿಗಳು ಕೊಡುವ ರೂಟರ್‌ಗಳಲ್ಲಿ ಈ ಜಾಗ ಮುಚ್ಚಿರುತ್ತದೆ. ಆಗ ಪ್ರತಿ ಕಂಪ್ಯೂಟರ್‌ನಲ್ಲೂ ಅಡ್ಮಿನ್ ಖಾತೆಯಿಂದ ಮಾಡಬೇಕು. ವಿಂಡೋಸ್ 11ರಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್‌ಗೆ ಹೋಗಿ ಎತರ್‌ನೆಟ್ ಒತ್ತಿ, ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್ ಎದುರಿನ ಎಡಿಟ್ ಆರಿಸಿ, ಮ್ಯಾನ್ಯುಯಲ್ ಮಾಡಿ. ಇಲ್ಲಿ ಅಂಕಿ ವಿಳಾಸದ ಎರಡು ಬಗೆಗಳಿವೆ, ಹಳೆಯ ಐಪಿವಿ4 ಮತ್ತು ಹೊಸ ಐಪಿವಿ6. ಐಪಿವಿ4 ಒಂದನ್ನೇ ತುಂಬಿ ಎದ್ದುಬಿಡುವವರೇ ಹೆಚ್ಚು. ಐಪಿವಿ6 ಖಾಲಿ ಬಿಟ್ಟರೆ ಕಂಪ್ಯೂಟರ್ ಆ ದಾರಿಯಿಂದ ಕಂಪನಿಯ ಹಳೆಯ ಸರ್ವರನ್ನೇ ಕೇಳಬಹುದು. ಫಿಲ್ಟರ್ ಹಾಕಿದ್ದೂ ವ್ಯರ್ಥ. ಅಲ್ಲಿ 2606:4700:4700::1113 ಮತ್ತು 2606:4700:4700::1003 ಎಂದು ತುಂಬಿ.

ಈಗ ಪರೀಕ್ಷೆ. ಫಿಲ್ಟರ್ ಕೆಲಸ ಮಾಡುತ್ತಿದೆಯೇ ಎಂದು ನೋಡಲು ನಿಜವಾದ ಅಶ್ಲೀಲ ತಾಣದ ಹೆಸರು ಟೈಪ್ ಮಾಡುವ ಮುಜುಗರ ಬೇಡ. ಕ್ಲೌಡ್‌ಫ್ಲೇರ್ ಇದಕ್ಕೆಂದೇ 'ನ್ಯೂಡಿಟಿ ಡಾಟ್ ಟೆಸ್ಟ್‌ಕೆಟಗರಿ ಡಾಟ್ ಕಾಮ್' ಎಂಬ ವಿಳಾಸ ಇಟ್ಟಿದೆ. ಅದು ತೆರೆಯದಿದ್ದರೆ ಫಿಲ್ಟರ್ ಸರಿಯಿದೆ.

ಈ ವಿಧಾನದ ಮಿತಿಯೂ ತಿಳಿದಿರಲಿ. ಡಿಎನ್‌ಎಸ್‌ಗೆ ಕಾಣುವುದು ತಾಣದ ಹೆಸರು ಮಾತ್ರ. ಯೂಟ್ಯೂಬ್‌ನ ಒಂದು ವಿಡಿಯೊ ಬಿಟ್ಟು ಇನ್ನೊಂದನ್ನು ತಡೆ ಎಂದು ಅದಕ್ಕೆ ಹೇಳಲಾಗದು. 1.1.1.3 ಜೂಜಿನ ತಾಣಗಳನ್ನೂ ತಡೆಯುವುದಿಲ್ಲ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ದೇಶದಾದ್ಯಂತ ನಿಷೇಧಿಸಿದ್ದರೂ ಕ್ರಿಕೆಟ್ ಪಂದ್ಯಾವಳಿಯ ದಿನಗಳಲ್ಲಿ ಬೆಟ್ಟಿಂಗ್ ತಾಣಗಳು ಹೆಸರು ಬದಲಿಸಿಕೊಂಡು ಬರುತ್ತಲೇ ಇರುತ್ತವೆ. ಅವುಗಳನ್ನು ಬ್ರೌಸರ್‌ನಲ್ಲಿ ತಡೆಯಬೇಕು.

ಬ್ರೌಸರ್: ಒಂದೇ ಇರಲಿ, ಮರೆಗುಳಿಯಾಗಿರಲಿ

ಕ್ರೋಮ್ ಅಥವಾ ಫೈರ್‌ಫಾಕ್ಸ್, ಒಂದನ್ನು ಇಟ್ಟುಕೊಂಡು ಉಳಿದವು ಓದುಗರ ಕೈಗೆ ಸಿಗದಂತೆ ಮಾಡಿ. ಎರಡರಲ್ಲೂ 'ಪಾಲಿಸಿ' ಎಂಬ ವ್ಯವಸ್ಥೆ ಇದೆ. ಅಡ್ಮಿನ್ ಹಾಕಿದ ಪಾಲಿಸಿಯನ್ನು ಸ್ಟ್ಯಾಂಡರ್ಡ್ ಖಾತೆಯವರು ಬದಲಿಸಲಾರರು. ಫೈರ್‌ಫಾಕ್ಸ್‌ನಲ್ಲಿ ಇವನ್ನೆಲ್ಲ ಒಂದೇ ಸಣ್ಣ ಕಡತದಲ್ಲಿ ಬರೆದು ಸ್ಥಾಪನೆಯ ಫೋಲ್ಡರ್‌ನೊಳಗಿನ 'ಡಿಸ್ಟ್ರಿಬ್ಯೂಷನ್' ಫೋಲ್ಡರ್‌ನಲ್ಲಿ ಇಡಬಹುದು. ಒಂದು ಪೆನ್‌ಡ್ರೈವ್‌ನಲ್ಲಿ ಅದನ್ನು ಒಯ್ದರೆ ತಾಲ್ಲೂಕಿನ ಎಲ್ಲ ಗ್ರಂಥಾಲಯಗಳಿಗೂ ನಕಲು ಮಾಡಬಹುದು. ವಿಂಡೋಸ್‌ನ ಹೋಮ್ ಆವೃತ್ತಿಯಲ್ಲಿ ಗ್ರೂಪ್ ಪಾಲಿಸಿ ಸಂಪಾದಕ ಇಲ್ಲವಾದ್ದರಿಂದ ಕ್ರೋಮ್‌ಗಾದರೆ ರಿಜಿಸ್ಟ್ರಿ ಮುಟ್ಟಬೇಕಾಗುತ್ತದೆ, ಗೊತ್ತಿರುವವರನ್ನು ಕರೆಸಿ.

ಹಾಕಬೇಕಾದವು ಇವು: ಹುಡುಕಾಟದಲ್ಲಿ ಸೇಫ್‌ಸರ್ಚ್ (ಅಶ್ಲೀಲ ಫಲಿತಾಂಶ ಮರೆಮಾಡುವ ಸೌಲಭ್ಯ; ಇದರ ಪಾಲಿಸಿ ಕ್ರೋಮ್‌ನಲ್ಲಿದೆ) ಕಡ್ಡಾಯ, ಪಾಸ್‌ವರ್ಡ್ ಉಳಿಸಿಕೊಳ್ಳುವ ಸೌಲಭ್ಯ ಬಂದ್, ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಜೋಡಿಸುವ ಸಣ್ಣ ತಂತ್ರಾಂಶ) ಸೇರಿಸುವುದು ಬಂದ್, ಏಕೆಂದರೆ ಉಚಿತ ವಿಪಿಎನ್‌ಗಳು ನುಗ್ಗುವುದು ಅಲ್ಲಿಂದಲೇ, ಜೂಜಿನ ತಾಣಗಳ ತಡೆಪಟ್ಟಿ. ಯೂಟ್ಯೂಬ್‌ನ ನಿರ್ಬಂಧಿತ ಮೋಡ್‌ಗೆ ಎರಡು ಮಟ್ಟಗಳಿವೆ. ಮಧ್ಯಮ ಮಟ್ಟ ಇರಲಿ. ಕಟ್ಟುನಿಟ್ಟಿನ ಮಟ್ಟ ಹಾಕಿದರೆ ಜೀವಶಾಸ್ತ್ರದ ಪಾಠಗಳೂ ಮಾಯವಾಗಬಹುದು. ಯಾವ ಮಟ್ಟದಲ್ಲೂ ವಿಡಿಯೊಗಳ ಕೆಳಗಿನ ಕಾಮೆಂಟ್‌ಗಳು ಕಾಣುವುದಿಲ್ಲ, ಅದು ಒಳ್ಳೆಯದೇ.

ಇನ್ನು ಬ್ರೌಸರ್ ತನ್ನದೇ ಗುಪ್ತ ಡಿಎನ್‌ಎಸ್ ಬಳಸುವ ಸಾಧ್ಯತೆ. 'ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್' ಎಂಬ ಸೌಲಭ್ಯ ಚಾಲೂ ಇದ್ದರೆ ರೂಟರ್‌ನಲ್ಲಿ ಹಾಕಿದ ಫಿಲ್ಟರನ್ನು ಬ್ರೌಸರ್ ದಾಟಿಹೋಗುತ್ತದೆ. ಅದನ್ನು ಬಂದ್ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಜಾಣತನದ ದಾರಿ, ಪಾಲಿಸಿಯ ಮೂಲಕ ಅದನ್ನು ಕ್ಲೌಡ್‌ಫ್ಲೇರ್‌ನ ಕುಟುಂಬ ಸರ್ವರ್‌ಗೇ ಕಟ್ಟಿಹಾಕುವುದು. ಆಗ ಯಾರಾದರೂ ತಮ್ಮ ಮೊಬೈಲ್‌ನ ಹಾಟ್‌ಸ್ಪಾಟ್‌ಗೆ ಕಂಪ್ಯೂಟರ್ ಜೋಡಿಸಿದರೂ ಫಿಲ್ಟರ್ ಬೆನ್ನು ಬಿಡುವುದಿಲ್ಲ.

ಇನ್‌ಕಾಗ್ನಿಟೋ, ಅಂದರೆ ಇತಿಹಾಸ ಉಳಿಸಿಕೊಳ್ಳದ ಬ್ರೌಸರ್ ಕಿಟಕಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸದು. "ಕದ್ದು ನೋಡುವವರಿಗೆ ಅನುಕೂಲ" ಎಂದು ಅದನ್ನು ಮುಚ್ಚಿಸುವ ರೂಢಿ ಇದೆ. ಡಿಎನ್‌ಎಸ್ ಫಿಲ್ಟರ್ ಇನ್‌ಕಾಗ್ನಿಟೋದಲ್ಲೂ ಅಷ್ಟೇ ಕೆಲಸ ಮಾಡುತ್ತದೆ. ಸಾರ್ವಜನಿಕ ಕಂಪ್ಯೂಟರ್‌ನಲ್ಲಿ ಅದು ಇರಲೇಬೇಕು. ಕ್ರೋಮ್‌ನ ಪಾಲಿಸಿಯಲ್ಲಿ ಇನ್‌ಕಾಗ್ನಿಟೋಗೆ 1 ಎಂದು ಕೊಟ್ಟರೆ ಬಂದ್, 2 ಎಂದು ಕೊಟ್ಟರೆ ಕಡ್ಡಾಯ. 2 ಕೊಡಿ. ಪ್ರತಿಯೊಬ್ಬರ ಲಾಗಿನ್, ಇತಿಹಾಸ, ಕುಕಿ ಎಲ್ಲವೂ ಕಿಟಕಿ ಮುಚ್ಚಿದೊಡನೆ ಹೋಗುತ್ತವೆ. ಎಲ್ಲ ಕಿಟಕಿಗಳನ್ನೂ ಮುಚ್ಚಬೇಕು ಎನ್ನುವುದು ಇಲ್ಲಿ ಮುಖ್ಯ. ಒಂದು ಕಿಟಕಿ ಕೆಳಗೆ ಅಡಗಿ ಉಳಿದರೂ ಹಿಂದಿನವರ ಜಿಮೇಲ್ ತೆರೆದೇ ಇರುತ್ತದೆ. ಆದ್ದರಿಂದ ಒಬ್ಬರು ಎದ್ದು ಇನ್ನೊಬ್ಬರು ಕೂರುವ ನಡುವೆ ಲಾಗ್‌ಔಟ್ ಮಾಡಿಸಿ ಮತ್ತೆ ಲಾಗಿನ್ ಮಾಡಿಸುವ ಅಭ್ಯಾಸ ಇರಲಿ.

ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡಿ

ಈ ಸಾಲನ್ನು ಓದುವಾಗಲೇ ಎದ್ದು ಹೋಗಿ ನಿಮ್ಮ ಗ್ರಂಥಾಲಯದ ಕಂಪ್ಯೂಟರ್‌ನ ಡೌನ್‌ಲೋಡ್ಸ್ ತೆರೆಯಿರಿ. ಆಧಾರ್ ಪಿಡಿಎಫ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಹತ್ತನೇ ತರಗತಿಯ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ, ಪ್ರವೇಶಪತ್ರ. ಅದೇ ಹೆಸರಿನ ಮುಂದೆ ಆವರಣದಲ್ಲಿ 1, 2, 3 ಎಂದು ಅಂಟಿಕೊಂಡ ಪ್ರತಿಗಳು. ಇನ್‌ಕಾಗ್ನಿಟೋ ಇವುಗಳನ್ನು ಮುಟ್ಟುವುದಿಲ್ಲ. ಒಬ್ಬ ಹುಡುಗಿಯ ಹೆಸರು, ವಿಳಾಸ, ಹುಟ್ಟಿದ ದಿನ, ಭಾವಚಿತ್ರ, ಖಾತೆ ಸಂಖ್ಯೆ ಎಲ್ಲವೂ ಒಂದೇ ಜಾಗದಲ್ಲಿ ಸಿಗುವುದಾದರೆ ಮೋಸಗಾರನಿಗೆ ಇನ್ನೇನು ಬೇಕು?

ವಿಂಡೋಸ್‌ನ ಸ್ಟೋರೇಜ್ ಸೆನ್ಸ್ ಸೌಲಭ್ಯವನ್ನು ಓದುಗರ ಖಾತೆಯಲ್ಲಿ ಸಕ್ರಿಯಗೊಳಿಸಿ, ಡೌನ್‌ಲೋಡ್ಸ್ ಅಳಿಸುವ ಅವಧಿಯನ್ನು 1 ದಿನಕ್ಕೆ ಇಡಿ. ಅದೂ ತಡವೇ. ಸಂಜೆ ಬಾಗಿಲು ಹಾಕುವ ಮುನ್ನ ಕೈಯಾರೆ ಖಾಲಿ ಮಾಡಿ, ರೀಸೈಕಲ್ ಬಿನ್ ಕೂಡ. ಡೆಸ್ಕ್‌ಟಾಪ್‌ನಲ್ಲಿ ಉಳಿಸುವವರೂ ಇರುತ್ತಾರೆ. ಗೆಸ್ಟ್ ಸೆಷನ್ ಇರುವ ಮಿಂಟ್‌ನಲ್ಲಿ ಈ ಕೆಲಸವೇ ಇಲ್ಲ ಎಂದು ಮೇಲೆ ಹೇಳಿದ್ದು ಇದಕ್ಕೇ.

ಮುದ್ರಣದ್ದು ಇನ್ನೊಂದು ಗೋಳು. "ಅಕ್ಕಾ, ನಿಮ್ಮ ವಾಟ್ಸ್‌ಆ್ಯಪ್‌ಗೆ ಕಳಿಸುತ್ತೇನೆ, ಪ್ರಿಂಟ್ ತೆಗೆದುಕೊಡಿ" ಎಂದು ಮೇಲ್ವಿಚಾರಕಿಯ ಸ್ವಂತ ಮೊಬೈಲ್‌ಗೆ ಊರಿನ ದಾಖಲೆಗಳೆಲ್ಲ ಬಂದು ಸೇರುತ್ತವೆ. ಅವರ ಮೊಬೈಲ್ ಕಳೆದರೆ ಊರಿನ ಆಧಾರ್ ಕಳೆದಂತೆ. ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಬೇಕಾದ ಕಡತ ಮಾತ್ರ ತೆಗೆದುಕೊಳ್ಳಲಿ, ಇಲ್ಲವೇ ತಮ್ಮ ಮೇಲ್ ತೆರೆದು ಅಲ್ಲಿಂದ ಮುದ್ರಿಸಲಿ. ವಾಟ್ಸ್‌ಆ್ಯಪ್ ವೆಬ್ ಬಳಸಿದವರು ತಮ್ಮ ಮೊಬೈಲ್‌ನ ಲಿಂಕ್ಡ್ ಡಿವೈಸಸ್ ಪಟ್ಟಿಯಲ್ಲಿ ಗ್ರಂಥಾಲಯದ ಕಂಪ್ಯೂಟರನ್ನು ತೆಗೆದೇ ಏಳಬೇಕು.

ಮೇಜು, ಗಡಿಯಾರ, ವಹಿ

ಪರದೆಗಳು ಮೇಲ್ವಿಚಾರಕರ ಕುರ್ಚಿಯಿಂದ ಕಾಣುವಂತಿರಲಿ, ಆದರೆ ಅಕ್ಷರ ಓದುವಷ್ಟು ಹತ್ತಿರ ಬೇಡ. ಏನೋ ಎಡವಟ್ಟು ನಡೆಯುತ್ತಿದೆ ಎಂದು ಗೊತ್ತಾದರೆ ಸಾಕು. ಯಾರು ಯಾರಿಗೆ ಏನು ಬರೆದರು ಎಂದು ಗೊತ್ತಾಗಬಾರದು. ಕಂಪ್ಯೂಟರ್‌ಗಳನ್ನು ವೈಫೈ ಬದಲು ಕೇಬಲ್‌ನಿಂದ ಜೋಡಿಸಿದರೆ ಹಾಟ್‌ಸ್ಪಾಟ್ ಆಟವೂ ಕಡಿಮೆ.

ನೋಂದಣಿ ವಹಿಯಲ್ಲಿ ಹೆಸರು, ಬಂದ ಸಮಯ, ಹೋದ ಸಮಯ, ಕಂಪ್ಯೂಟರ್ ಸಂಖ್ಯೆ, ಸಹಿ ಇರಲಿ. ಗುರುತಿನ ಚೀಟಿ ನೋಡಿ ಯಾವ ಚೀಟಿ ಎಂದಷ್ಟೇ ಬರೆಯಿರಿ. ಆಧಾರ್ ಸಂಖ್ಯೆ ಬರೆಸಿಕೊಳ್ಳಬೇಡಿ. ಮೊಬೈಲ್ ಸಂಖ್ಯೆಯ ಕಾಲಂ ಅಂತೂ ಬೇಡವೇ ಬೇಡ. ಮೇಜಿನ ಮೇಲೆ ತೆರೆದಿಟ್ಟ ವಹಿಯಿಂದ ಮೇಲಿನ ಸಾಲಿನ ಹುಡುಗಿಯ ಸಂಖ್ಯೆ ಕಣ್ಣಲ್ಲೇ ಬರೆದುಕೊಂಡು ಹೋಗಿ ರಾತ್ರಿ ಸಂದೇಶ ಕಳಿಸುವವರಿದ್ದಾರೆ. ಆಮೇಲೆ ಆ ಮನೆಯಿಂದ ಯಾರೂ ಗ್ರಂಥಾಲಯಕ್ಕೆ ಬರುವುದಿಲ್ಲ.

ಸಮಯದ ಮಿತಿ ಎಲ್ಲರಿಗೂ ಒಂದೇ ಇರಲಿ, ಆದರೆ ಅರ್ಜಿಯ ಮಧ್ಯದಲ್ಲಿ ಎಬ್ಬಿಸಬೇಡಿ. ಕರೆಂಟ್ ಹೋದರೆ ಕಳೆದುಹೋದ ನಿಮಿಷಗಳನ್ನು ಸೇರಿಸಿ ಕೊಡಿ.

ತಡೆದದ್ದನ್ನು ತೆರೆಯುವುದು ಹೇಗೆ

ಪ್ರತಿ ಫಿಲ್ಟರ್ ಒಳ್ಳೆಯ ಪುಟಗಳನ್ನೂ ತಡೆಯುತ್ತದೆ. ಪದ ನೋಡಿ ತಡೆಯುವ ತಂತ್ರಾಂಶಗಳು ಸ್ತನ ಕ್ಯಾನ್ಸರ್, ಮುಟ್ಟು, ಗರ್ಭನಿರೋಧಕ ಕುರಿತ ಮಾಹಿತಿಯನ್ನು ಮುಚ್ಚಿಬಿಡುತ್ತವೆ. ಚಿತ್ರ ನೋಡಿ ತೀರ್ಮಾನಿಸುವವುಗಳಿಗೆ ಬಾಹುಬಲಿಯ ವಿಗ್ರಹವೂ ಒಂದೇ, ಬೇರೆಯದೂ ಒಂದೇ. ಶಿಲ್ಪಕಲೆಯ ಟಿಪ್ಪಣಿ ಬರೆಯುವ ವಿದ್ಯಾರ್ಥಿ ಲಕ್ಕುಂಡಿಯಿಂದ ಖಜುರಾಹೊಗೆ ದಾಟುವಷ್ಟರಲ್ಲಿ ಪರದೆ ಖಾಲಿ. ಇಂಗ್ಲಿಷ್ ಪದಪಟ್ಟಿ ಇಟ್ಟುಕೊಂಡ ಅದೇ ಫಿಲ್ಟರ್ ಕನ್ನಡ ಲಿಪಿಯಲ್ಲಿ ಬರೆದ ಕೆಟ್ಟ ಪದವನ್ನು ಗುರುತಿಸುವುದೂ ಇಲ್ಲ. ಪದ ಆಧರಿಸಿದ ಫಿಲ್ಟರ್ ಬೇಡ ಎಂದು ನಾನು ಹೇಳುವುದು ಇದಕ್ಕೇ.

ಅಮೆರಿಕದಲ್ಲಿ 2000ರಲ್ಲಿ ಬಂದ ಮಕ್ಕಳ ಇಂಟರ್‌ನೆಟ್ ಸಂರಕ್ಷಣಾ ಕಾಯ್ದೆ, ಕೇಂದ್ರ ಸರ್ಕಾರದ ಇಂಟರ್‌ನೆಟ್ ನೆರವು ಪಡೆಯುವ ಗ್ರಂಥಾಲಯಗಳಿಗೆ ಫಿಲ್ಟರ್ ಕಡ್ಡಾಯ ಮಾಡಿತು. ಗ್ರಂಥಪಾಲಕರ ಸಂಘವೇ ನ್ಯಾಯಾಲಯಕ್ಕೆ ಹೋಯಿತು. 2003ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯುವಾಗ, ವಯಸ್ಕ ಓದುಗರು ಕೇಳಿದರೆ ಫಿಲ್ಟರ್ ತೆಗೆದುಕೊಡಬಹುದು ಎಂಬ ಅಂಶಕ್ಕೆ ದೊಡ್ಡ ತೂಕ ಸಿಕ್ಕಿತು. ನಮ್ಮ ಫಲಕದ "ಕಾರಣ ಹೇಳಬೇಕಾಗಿಲ್ಲ" ಎಂಬ ಮಾತಿನ ಹಿಂದೆ ಇರುವುದೂ ಅದೇ ವಿಚಾರ. ಗರ್ಭಪಾತದ ಕಾನೂನು ಓದಬೇಕಾದ ಹೆಣ್ಣುಮಗಳು ಊರಿನವರೇ ಆದ ಮೇಲ್ವಿಚಾರಕರ ಮುಂದೆ ನಿಂತು ಕಾರಣ ವಿವರಿಸಬೇಕೆಂದರೆ ಅವಳು ಕೇಳುವುದೇ ಇಲ್ಲ.

ಕಾರ್ಯರೂಪ ಸರಳ. ಒಂದು ಕಂಪ್ಯೂಟರ್‌ಗೆ ವೈರಸ್ ತಾಣಗಳನ್ನು ಮಾತ್ರ ತಡೆಯುವ 1.1.1.2 ಹಾಕಿ, ಅದನ್ನು ವಯಸ್ಕರಿಗೆಂದು ಮೇಲ್ವಿಚಾರಕರ ಮೇಜಿನ ಬಳಿ ಇಡಿ. ಆ ಕಂಪ್ಯೂಟರ್‌ನ ಬ್ರೌಸರ್ ಪಾಲಿಸಿಯಲ್ಲೂ ಕುಟುಂಬ ಸರ್ವರ್ ಇರಬಾರದು. ಯಾರಾದರೂ "ಈ ಪುಟ ಬರುತ್ತಿಲ್ಲ" ಎಂದರೆ ಅಲ್ಲಿ ಕೂರಿಸಿ. ಒಂದೇ ಕಂಪ್ಯೂಟರ್ ಇದ್ದರೆ ವಿಳಾಸ ಬರೆದುಕೊಂಡು, ಮೇಲ್ವಿಚಾರಕರು ಅಡ್ಮಿನ್ ಖಾತೆಯಿಂದ ಫಿಲ್ಟರನ್ನು ತಾತ್ಕಾಲಿಕವಾಗಿ ತೆಗೆದು, ಪುಟ ತೆರೆದು ಮುದ್ರಿಸಿ ಕೊಡಲಿ.

ಆದರೂ ಏನಾದರೂ ಆದರೆ

ಮಗುವೊಂದು ಆಕಸ್ಮಿಕವಾಗಿ ಕೆಟ್ಟ ಪುಟಕ್ಕೆ ಬಿದ್ದರೆ ಪುಟ ಮುಚ್ಚಿ, ವಿಳಾಸ ಬರೆದುಕೊಳ್ಳಿ, ತಡೆಪಟ್ಟಿಗೆ ಸೇರಿಸಿ. ಎಲ್ಲರೆದುರು ಬೈಯಬೇಡಿ. ವಯಸ್ಕರು ಬೇಕೆಂದೇ ಮಾಡಿದರೆ ಮೊದಲು ಎಚ್ಚರಿಕೆ, ಮತ್ತೆ ಮಾಡಿದರೆ ಠರಾವಿನಲ್ಲಿ ಹೇಳಿದಷ್ಟು ದಿನ ಬಳಕೆ ಬಂದ್.

ಮಕ್ಕಳ ಲೈಂಗಿಕ ಚಿತ್ರಗಳು ಕಂಡರೆ ಮಾತೇ ಬೇರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಪ್ರಕಾರ ಅವುಗಳನ್ನು ಹುಡುಕುವುದು, ನೋಡುವುದು, ಇಳಿಸಿಕೊಳ್ಳುವುದು ಎಲ್ಲವೂ ಅಪರಾಧ. ಸಾಕ್ಷಿಗಾಗಿ ಎಂದು ಫೋಟೊ ತೆಗೆಯಬೇಡಿ, ಪಿಡಿಒಗೆ ವಾಟ್ಸ್‌ಆ್ಯಪ್ ಮಾಡಬೇಡಿ. ಕಂಪ್ಯೂಟರ್ ಯಾರೂ ಮುಟ್ಟದಂತೆ ನೋಡಿಕೊಂಡು ಪೊಲೀಸರಿಗೆ ತಿಳಿಸಿ. ಮಗುವಿಗೆ ತೊಂದರೆಯಾಗಿದೆ ಎನಿಸಿದರೆ ಮಕ್ಕಳ ಸಹಾಯವಾಣಿ 1098. ಗ್ರಂಥಾಲಯದ ಕಂಪ್ಯೂಟರ್ ಬಳಸಿದ ನಂತರ ಖಾತೆಯಿಂದ ಹಣ ಹೋಯಿತೆಂದು ಯಾರಾದರೂ ಓಡಿಬಂದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ಆಮೇಲೆ ಉಳಿದ ವಿಚಾರಣೆ.

ತಿಂಗಳಿಗೊಮ್ಮೆ

ತಿಂಗಳ ಮೊದಲ ವಾರದಲ್ಲಿ ಓದುಗರ ಖಾತೆಯಿಂದಲೇ ಒಳಬಂದು ನೋಡಿ: ಪರೀಕ್ಷಾ ವಿಳಾಸ ತೆರೆಯುತ್ತಿದೆಯೇ, ಎಕ್ಸ್‌ಟೆನ್ಷನ್ ಸೇರಿಸಲು ಬರುತ್ತದೆಯೇ, ಸೇಫ್‌ಸರ್ಚ್ ತೆಗೆಯಲು ಆಗುತ್ತದೆಯೇ. ಇಂಟರ್‌ನೆಟ್ ಕಂಪನಿಯವರು ಬಂದು ರೂಟರ್ ರೀಸೆಟ್ ಮಾಡಿ ಹೋದ ದಿನ ತಪ್ಪದೆ ನೋಡಿ. ಆ ಒಂದು ಗುಂಡಿ ಒತ್ತಿದರೆ ನಿಮ್ಮ ಡಿಎನ್‌ಎಸ್ ಅಂಕಿಗಳೂ ಹೊಸ ಪಾಸ್‌ವರ್ಡೂ ಅಳಿಸಿ ಚೀಟಿಯಲ್ಲಿದ್ದದ್ದೇ ಮರಳುತ್ತದೆ.

ಅಡ್ಮಿನ್ ಖಾತೆ, ರೂಟರ್, ವೈಫೈ ಈ ಮೂರರ ಪಾಸ್‌ವರ್ಡ್‌ಗಳನ್ನು ಒಂದು ಲಕೋಟೆಯಲ್ಲಿ ಮುಚ್ಚಿ, ಮೇಲೆ ಸಹಿ ಮಾಡಿ ಪಂಚಾಯಿತಿ ಕಚೇರಿಯ ಕಪಾಟಿನಲ್ಲಿಡಿ. ಮೇಲ್ವಿಚಾರಕರೋ ಪಿಡಿಒ ಅವರೋ ಬದಲಾದರೆ ಅಧಿಕಾರ ಹಸ್ತಾಂತರದ ದಿನವೇ ಮೂರನ್ನೂ ಬದಲಿಸಿ ಹೊಸ ಲಕೋಟೆ ಮಾಡಿ, ಹಳೆಯದನ್ನು ಹರಿದುಹಾಕಿ.